ನಿಮಗಿದು ಗೊತ್ತೇ? ಮಡಿಕೇರಿಯ ಮಳೆ, ಹಾಡು, ಕೈಗೂಡದ ಒಲವು

ಮಡಿಕೇರಿಯಲ್ಲಿ ಮಳೆ ಹಿಡಿಯಿತೆಂದರೆ ಸಿನಿಮಾಪ್ರಿಯರಿಗೆ ನೆನಪಾಗುವುದು ‘ಮುಂಗಾರು ಮಳೆ’. ಮದುವೆಗೆಂದು ಮಡಿಕೇರಿಗೆ ಬಂದ ಹುಡುಗ, ಮದುಮಗಳನ್ನೇ ಪ್ರೀತಿಸಿ, ಕೊನೆಗೆ ಅವಳನ್ನು ಬಿಟ್ಟುಕೊಟ್ಟು ಹೊರಡುವ ಕಥೆ. ಹುಡುಗಿ ಸಿಗಲಿಲ್ಲ, ಹಾಡು ಮಾತ್ರ ನಮ್ಮಲ್ಲೇ ಉಳಿಯಿತು. ಆ ಹಾಡಿನ ಜಾಡು ಹಿಡಿದು ಒಂದಿಷ್ಟು ಸಂಗತಿ.

• ‘ಮುಂಗಾರು ಮಳೆ’ ತೆರೆಕಂಡದ್ದು 2006ರ ಡಿಸೆಂಬರ್ 29ರಂದು. ಹೊರಗೆ ಚಳಿಗಾಲ, ತೆರೆಯ ಮೇಲೆ ಜಡಿಮಳೆ!

• ನಿರ್ದೇಶಕ ಯೋಗರಾಜ್ ಭಟ್ಟರಿಗೆ ಇದು ಮೂರನೇ ಚಿತ್ರ. ಮೊದಲೆರಡು ‘ಮಣಿ’ ಮತ್ತು ‘ರಂಗ ಎಸ್ಸೆಸ್ಸೆಲ್ಸಿ’. ನಾಯಕ ಗಣೇಶ್ ಅಲ್ಲಿಯವರೆಗೆ ಮನೆಮಾತಾಗಿದ್ದದ್ದು ಕಿರುತೆರೆಯ ‘ಕಾಮಿಡಿ ಟೈಮ್’ ಮೂಲಕ.

• ಬೆಂಗಳೂರಿನ ಮಲ್ಟಿಪ್ಲೆಕ್ಸ್‌ನಲ್ಲಿ ಈ ಚಿತ್ರ ವರ್ಷ ದಾಟಿ ಓಡಿತು. 2008ರಲ್ಲಿ ತೆಲುಗಿಗೆ ‘ವಾನ’ ಆಗಿ, ಬಂಗಾಳಿಗೆ ‘ಪ್ರೇಮೇರ್ ಕಾಹಿನಿ’ಯಾಗಿ ಹೋಯಿತು.

• ‘ಅನಿಸುತಿದೆ’ ಹಾಡಿನ ಹಿಂದೆ ಮೂರು ಊರುಗಳಿವೆ. ಬರೆದವರು ಗೋಕರ್ಣದಲ್ಲಿ ಹುಟ್ಟಿದ ಕವಿ, ಕಥೆಗಾರ ಜಯಂತ ಕಾಯ್ಕಿಣಿ. ರಾಗ ಹಾಕಿದವರು ಅಮೆರಿಕದಲ್ಲಿ ನೆಲೆಸಿರುವ ಮನೋಮೂರ್ತಿ. ಹಾಡಿದವರು ಮುಂಬೈಯ ಸೋನು ನಿಗಮ್. ಮನೋಮೂರ್ತಿ ಅದಕ್ಕೂ ಮೊದಲು ಸಂಗೀತ ನೀಡಿದ್ದ ‘ಅಮೆರಿಕ ಅಮೆರಿಕ’ದಲ್ಲೂ (1997) ಇದ್ದದ್ದು ಮೂವರ ನಡುವೆ ಸಿಕ್ಕಿಬಿದ್ದ ಪ್ರೀತಿಯೇ.

• ‘ಮುಂಗಾರು ಮಳೆ’ಯ ಕಥೆ ಮಡಿಕೇರಿಯದಾದರೂ, ತುತ್ತತುದಿಯಲ್ಲಿ ನಿಂತಾಗ ನೋಡುವವರ ಎದೆ ಝಲ್ಲೆನಿಸುವ ಆ ಜಲಪಾತ ಕೊಡಗಿನದಲ್ಲ. ಅದು ಶಿವಮೊಗ್ಗ ಜಿಲ್ಲೆಯ ಜೋಗ. ಎತ್ತರ 253 ಮೀಟರ್.

• ನಾಯಕನ ಜೊತೆಗಾರ ಮೊಲಕ್ಕೆ ದೇವದಾಸನೆಂದು ಹೆಸರು. ಶರತ್‌ಚಂದ್ರ ಚಟ್ಟೋಪಾಧ್ಯಾಯರ ‘ದೇವದಾಸ್’ ಕಾದಂಬರಿ 1917ರಲ್ಲಿ ಪ್ರಕಟವಾಯಿತು. ಒಲವು ಕಳೆದುಕೊಂಡವನಿಗೆ ನಮ್ಮ ದೇಶದಲ್ಲಿ ಅಂದಿನಿಂದ ಅದೇ ಹೆಸರು.

• ‘ಮುಂಗಾರು ಮಳೆ’ಯ ಕರ್ನಲ್ ಸುಬ್ಬಯ್ಯ, ಅಂದರೆ ನಮ್ಮ ಅನಂತನಾಗ್, 1975ರ ‘ಹಂಸಗೀತೆ’ಯಲ್ಲಿ ಸಂಗೀತಗಾರ ಭೈರವಿ ವೆಂಕಟಸುಬ್ಬಯ್ಯ ಆಗಿದ್ದರು. ತ.ರಾ.ಸು. ಕಾದಂಬರಿ, ಜಿ.ವಿ. ಅಯ್ಯರ್ ನಿರ್ದೇಶನ. ಪಾತ್ರಕ್ಕೆ ಕಂಠ ಕೊಟ್ಟ ಎಂ. ಬಾಲಮುರಳಿಕೃಷ್ಣ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು.

• ಹಾಡುಗಾರನ ಪಾತ್ರಕ್ಕೆ ನಟನೇ ಕಂಠ ಕೊಟ್ಟದ್ದೂ ಉಂಟು. ಅಮೆರಿಕದ ಹಳ್ಳಿಗಾಡಿನ ಹಾಡು ‘ಕಂಟ್ರಿ’ ಸಂಗೀತ. ಅದನ್ನು ಹಾಡುತ್ತಾ ಸಂಸಾರ ಕಳೆದುಕೊಂಡವನ ಕಥೆ 1983ರ ‘ಟೆಂಡರ್ ಮರ್ಸೀಸ್’. ನಟ ರಾಬರ್ಟ್ ಡುವಾಲ್ ತಮ್ಮ ಹಾಡುಗಳನ್ನು ತಾವೇ ಹಾಡಿ ಆಸ್ಕರ್ ಗೆದ್ದರು.

• ಕೊಡಗಿನ ಜೊತೆ ನೆನಪಾಗುವ ಇನ್ನೊಬ್ಬ ನಾಯಕಿ ಕಾವೇರಿ. ತ್ರಿವೇಣಿಯವರ ಕಾದಂಬರಿ ಆಧರಿಸಿದ ಪುಟ್ಟಣ್ಣ ಕಣಗಾಲರ ‘ಶರಪಂಜರ’ದ ಕಲ್ಪನಾ. ನದಿಯ ಹೆಸರನ್ನೇ ಹೊತ್ತ ಆ ಹೆಣ್ಣು, ಮನಸ್ಸಿನ ಕಾಯಿಲೆ ವಾಸಿಯಾಗಿ ಮನೆಗೆ ಬಂದರೂ ಗಂಡನ ಪ್ರೀತಿಯನ್ನು ಮರಳಿ ಪಡೆಯಲಾರಳು.

• ಮಡಿಕೇರಿಗೆ ಹತ್ತಿರದ ಮಾಂದಲಪಟ್ಟಿಗೆ ‘ಮುಗಿಲ್‌ಪೇಟೆ’ ಎಂಬ ಹೆಸರು ಅಂಟಿದ್ದು 2008ರ ‘ಗಾಳಿಪಟ’ದಿಂದ. ಅದೂ ಯೋಗರಾಜ್ ಭಟ್ಟರದೇ ಸಿನಿಮಾ.

• ಕೊಡಗಿನ ಕಾಫಿ ಬೆಳೆಗಾರರು ಮುಂಗಾರಿಗಿಂತ ಮೊದಲು ಕಾಯುವುದು ‘ಹೂಮಳೆ’ಗೆ. ಮಾರ್ಚ್‌, ಏಪ್ರಿಲ್ ಹೊತ್ತಿಗೆ ಅದೊಮ್ಮೆ ಬಿದ್ದರೆ ವಾರ, ಹತ್ತು ದಿನಗಳಲ್ಲಿ ತೋಟವೆಲ್ಲ ಬೆಳ್ಳಗೆ ಅರಳುತ್ತದೆ, ಮಲ್ಲಿಗೆಯಂಥ ಘಮ. ಕೆಲವೇ ದಿನಕ್ಕೆ ಹೂ ಬಾಡುತ್ತದೆ. ಆದರೆ ವರ್ಷದ ಫಸಲು ನಿಂತಿರುವುದು ಆ ನಾಲ್ಕು ದಿನಗಳ ಹೂವಿನ ಮೇಲೆ.

• ಸಿನಿಮಾ ಬರುವ ಎಷ್ಟೋ ಕಾಲ ಮೊದಲೇ ಕೊಡಗಿಗೆ ತನ್ನದೇ ಹಾಡುಗಾರರಿದ್ದರು. ಅಂಗೈಯಲ್ಲಿ ಹಿಡಿಯುವ ಪುಟ್ಟ ‘ದುಡಿ’ ಬಾರಿಸುತ್ತಾ ನಾಲ್ವರು ಹಾಡುವುದು ದುಡಿಕೊಟ್ಟ್ ಪಾಟ್. ಈ ಹಾಡುಗಳನ್ನು ನಡಿಕೇರಿಯಂಡ ಚಿಣ್ಣಪ್ಪನವರು ಸಂಗ್ರಹಿಸಿ 1924ರಲ್ಲಿ ‘ಪಟ್ಟೋಲೆ ಪಳಮೆ’ಯಾಗಿ ಅಚ್ಚು ಹಾಕಿಸಿದರು.

• ಆ ದುಡಿ ಮದುವೆ ಮನೆಯಲ್ಲೂ ನುಡಿಯುತ್ತದೆ, ಸಾವಿನ ಮನೆಯಲ್ಲೂ ನುಡಿಯುತ್ತದೆ. ಕೂಡುವುದಕ್ಕೂ ಕಳೆದುಕೊಳ್ಳುವುದಕ್ಕೂ ಒಂದೇ ವಾದ್ಯ!