ಜೋಡಿಯಾಗಿ ಹೋಗುವವರು

ಮುಂಬಯಿಯ ಅನೇಕ ಕ್ಯಾಥೊಲಿಕ್ ಇಗರ್ಜಿಗಳಲ್ಲಿ ಬಡವರಿಗಾಗಿ ಒಂದು ಕಾಣಿಕೆ ಪೆಟ್ಟಿಗೆ ಇಟ್ಟಿರ್ತಾರೆ. ಅದರ ಮೇಲೆ ಸಂತ ವಿನ್ಸೆಂಟ್ ಡಿ ಪಾಲರ ಹೆಸರು ಇರೋದುಂಟು. ಮಂಗಳೂರು ಕಡೆಯ ಮಿತ್ರರಿಗೆ ಆ ಹೆಸರಿನ ಸಭೆಯ ಪರಿಚಯ ಇದ್ದೀತು. ಉಳಿದವರು ಇದೂ ಒಂದು ಧರ್ಮದ ಡಬ್ಬಿ ಅಂತ ಮುಂದೆ ಹೋಗ್ತಾರೆ. ಆದರೆ ಈ ಸಭೆಯನ್ನು ಶುರುಮಾಡಿದವರು ಪಾದ್ರಿಗಳಲ್ಲ, ಬಿಷಪ್ಪರೂ ಅಲ್ಲ. ನಮ್ಮ ವಯಸ್ಸಿನ ಕಾಲೇಜು ಹುಡುಗರು! ಅದಕ್ಕೇ ನಮ್ಮ ಸಂಘದ ಪತ್ರಿಕೆಗೆ ಇದನ್ನು ಬರೆಯಬೇಕೆನ್ನಿಸಿತು.

ಸಭೆಯೊಳಗೆ ಒಬ್ಬರನ್ನೊಬ್ಬರು ನೋಡಿಕೊಳ್ಳುವುದು ಕ್ರೈಸ್ತರಲ್ಲಿ ಮೊದಲಿನಿಂದ ಬಂದದ್ದು. ಯೆರೂಸಲೇಮಿನಲ್ಲಿ ದಿನಾ ಆಹಾರ ಹಂಚುವಾಗ ಗ್ರೀಕ್ ಮಾತಾಡುವ ವಿಧವೆಯರನ್ನು ಬಿಟ್ಟುಬಿಡ್ತಾರೆ ಅಂತ ತಕರಾರು ಬಂತು, ಆ ಕೆಲಸಕ್ಕೇ ಏಳು ಜನರನ್ನು ಆರಿಸಿದರು ಎಂದು ಬೈಬಲಿನ ಅಪೊಸ್ತಲರ ಕೃತ್ಯಗಳಲ್ಲಿದೆ. (ಭಾಷೆ ಬೇರೆಯಾದರೆ ಪಂಕ್ತಿಯಲ್ಲಿ ಬಡಿಸೋದು ತಪ್ಪಿಹೋಗುತ್ತೆ ಅನ್ನೋದನ್ನು ಹೊರನಾಡ ಕನ್ನಡಿಗರಿಗೆ ಯಾರೂ ವಿವರಿಸಬೇಕಾಗಿಲ್ಲ.)

1831ರಲ್ಲಿ ಫ್ರೆಡರಿಕ್ ಓಝಾನಾಂ ಎಂಬ ಹುಡುಗ ಲಿಯೋನ್ ಪಟ್ಟಣದಿಂದ ಕಾನೂನು ಓದಲು ಪ್ಯಾರಿಸ್ಸಿಗೆ ಬಂದ. ದೊಡ್ಡ ಶಹರ, ಗುರುತಿನವರಿಲ್ಲ, ಇಳಿದುಕೊಂಡ ಜಾಗ ಹಿಡಿಸಲಿಲ್ಲ. ಆಗ ತಮ್ಮ ಮನೆಯಲ್ಲೇ ಕೋಣೆ ಕೊಟ್ಟವರು ವಿಜ್ಞಾನಿ ಆಂಪಿಯರ್. ಹೌದು, ಸೈನ್ಸಿನವರು ಕರೆಂಟ್ ಅಳೆಯೋದು ಅವರ ಹೆಸರಿನಲ್ಲೇ. ಹೀಗೆ ಮೊದಲು ಆಸರೆ ಸಿಕ್ಕಿದ್ದು ಈತನಿಗೆ.

ಮರುವರ್ಷ ಪ್ಯಾರಿಸ್ಸಿನಲ್ಲಿ ಕಾಲರಾ ಬಂದು ಸಾವಿರಾರು ಜನ ಸತ್ತರು. ವಿದ್ಯಾರ್ಥಿಗಳ ಚರ್ಚಾಕೂಟದಲ್ಲಿ ಎದುರಾಳಿಯೊಬ್ಬ ಕೇಳಿದ: ನಿಮ್ಮ ಧರ್ಮ ಹಿಂದೆ ಏನೋ ಮಾಡಿರಬಹುದು, ಈಗ ನೀವೇನು ಮಾಡ್ತಿದ್ದೀರಿ? ಉತ್ತರ ಭಾಷಣದಲ್ಲಿ ಸಿಗುವಂಥದ್ದಲ್ಲ. 1833ರ ಏಪ್ರಿಲ್ 23ರಂದು, ಓಝಾನಾಂಗೆ 20 ತುಂಬಿದ ದಿನ, ಆರು ವಿದ್ಯಾರ್ಥಿಗಳು ಮತ್ತು ಬೇಯಿ ಎಂಬ ಹಿರಿಯ ಪತ್ರಕರ್ತರು ಸೇರಿದರು. ಯಾರ ಮನೆಗೆ ಹೋಗಬೇಕೆಂದು ಇವರಿಗೆ ಗೊತ್ತಿರಲಿಲ್ಲ. ಬಡವರ ಕೇರಿಯಲ್ಲಿ ಸೇವೆ ಮಾಡುತ್ತಿದ್ದ ಸಿಸ್ಟರ್ ರೊಸಾಲಿ ಮನೆಗಳನ್ನು ತೋರಿಸಿದರು, ರೊಟ್ಟಿಯ ಚೀಟಿಗಳನ್ನೂ ಕೊಟ್ಟರು.

ಕಾಮರ್ಸ್ ವಿದ್ಯಾರ್ಥಿಯಾದ ನನಗೆ ಹಿಡಿಸಿದ್ದು ಇವರ ಲೆಕ್ಕದ ರೀತಿ. ಸಭೆಯ ಕೊನೆಗೆ ಒಂದು ಚೀಲ ತಿರುಗುತ್ತೆ. ಒಳಗೆ ಕೈಹಾಕಿ ಕೊಡೋದು, ಯಾರು ಎಷ್ಟು ಹಾಕಿದರೆಂದು ಪಕ್ಕದವನಿಗೂ ತಿಳಿಯದು. ದಾನಿಗಳ ಪಟ್ಟಿ ಓದೋದು ಅಂತಿಲ್ಲ. (ನಮ್ಮ ಸಮಾರಂಭಗಳಲ್ಲಿ ಅರ್ಧ ಗಂಟೆ ಅದಕ್ಕೇ ಹೋಗುತ್ತೆ!) ಒಟ್ಟು ಮೊತ್ತಕ್ಕೆ ಮಾತ್ರ ಕಟ್ಟುನಿಟ್ಟಾದ ಲೆಕ್ಕ. ನೆರವು ಪಡೆದವರ ಹೆಸರು ಹೊರಗೆ ಹೋಗಬಾರದು. ಮನೆಗೆ ಹೋಗುವುದು ಸಾಮಾನ್ಯವಾಗಿ ಇಬ್ಬಿಬ್ಬರು. ಇದಕ್ಕೆ ನನಗೆ ತೋರುವ ಕಾರಣ, ಒಬ್ಬನೇ ಹೋದರೆ ಸಾಹುಕಾರ ಬಂದ ಹಾಗೆ. ಹತ್ತು ಜನ ಹೋದರೆ ಮೆರವಣಿಗೆ. ಇಬ್ಬರಾದರೆ ನೆಂಟರು ಬಂದಂತಿರುತ್ತೆ, ಹೊಸಬನಿಗೆ ಹಳಬನಿಂದ ಧೈರ್ಯವೂ ಬರುತ್ತೆ.

ನಮ್ಮ ಚಾಳಿನ ಒಬ್ಬ ಅಜ್ಜಿಯ ಮನೆಗೆ ಹೀಗೆ ಇಬ್ಬರು ಬರ್ತಾರೆ. ಅಕ್ಕಿ, ಸಕ್ಕರೆ ಇಟ್ಟು ಎರಡು ನಿಮಿಷದಲ್ಲಿ ಹೊರಡಬಹುದು. ಹೊರಡೋದಿಲ್ಲ. ಅಜ್ಜಿ ವಾರವೆಲ್ಲ ಕೂಡಿಟ್ಟ ಮಾತು ಮುಗಿಯೋತನಕ ಕೂತಿರ್ತಾರೆ. ಆಕೆ ಕಾದಿರೋದು ಅಕ್ಕಿಗಿಂತ ಹೆಚ್ಚಾಗಿ ಅದಕ್ಕೇ ಅಂತ ನನ್ನ ಅಭಿಪ್ರಾಯ.

ಸದಸ್ಯರು ಹೆಚ್ಚಿದಾಗ ಕೂಟವನ್ನು ಬೇರೆ ಬೇರೆ ಭಾಗ ಮಾಡೋಣ ಅಂದವನೂ ಓಝಾನಾಂ. ಸ್ನೇಹ ಒಡೆದುಹೋಗುತ್ತೆ ಅಂತ ಗೆಳೆಯರು ಬಲವಾಗಿ ವಿರೋಧಿಸಿದರು. ಅವರ ಸಂಕಟ ಅರ್ಥವಾಗುವಂಥದ್ದೇ, ಊರು ಬಿಟ್ಟು ಬಂದ ಹುಡುಗರಿಗೆ ಆ ಕೂಟವೇ ಮನೆಯಾಗಿತ್ತು. 1835ರಲ್ಲಿ ಕಡೆಗೂ ಒಪ್ಪಿದರು. ಆಮೇಲೆ ಒಂದೊಂದು ಇಗರ್ಜಿಗೆ ಒಂದೊಂದು ಕೂಟವಾಗಿ ಇದು ದೇಶದೇಶಕ್ಕೆ ಹರಡಿತು. ಸೊರ್ಬಾನಿನಲ್ಲಿ ಪ್ರಾಧ್ಯಾಪಕನಾದ ಓಝಾನಾಂ 1853ರಲ್ಲಿ, 40ನೇ ವಯಸ್ಸಿಗೇ ತೀರಿಕೊಂಡ.