ಇಸವಿಯ ಕೆಳಗಿನ ಸಣ್ಣ ಅಕ್ಷರ

ನಮ್ಮ ಬಡಾವಣೆಗೆ ಹಾಲು ಹಾಕುವ ಹುಡುಗ ಕಳೆದ ತಿಂಗಳು ಒಂದು ಬೆಳಿಗ್ಗೆ ಹಾಲಿನ ಪೊಟ್ಟಣದ ಜೊತೆಗೆ ಒಂದು ನಾಣ್ಯವನ್ನೂ ನನ್ನ ಕೈಗಿಟ್ಟು, ‘ಸಾರ್, ನೀವು ಸರ್ಕಾರದಲ್ಲಿ ಇದ್ದವರು, ಇದು ಅಸಲಿಯೋ ನಕಲಿಯೋ ಸ್ವಲ್ಪ ನೋಡಿ ಹೇಳಿ’ ಎಂದ. 1985ರ ಒಂದು ರೂಪಾಯಿ. ಈಗಿನ ಉಕ್ಕಿನ ರೂಪಾಯಿಯಲ್ಲ. ತಾಮ್ರ ಮತ್ತು ನಿಕ್ಕಲ್ ಬೆರೆಸಿದ, ಅಂಗೈಯಲ್ಲಿ ತೂಕ ತಿಳಿಯುವಂಥ ಹಳೆಯ ರೂಪಾಯಿ. ಇಸವಿಯ ಕೆಳಗೆ, ಬರಿಗಣ್ಣಿಗೆ ಕಷ್ಟಪಟ್ಟು ಕಾಣುವಷ್ಟು ಸಣ್ಣದಾಗಿ ಇಂಗ್ಲಿಷಿನ ‘ಎಚ್’ ಅಕ್ಷರ.

ಈ ಅಕ್ಷರವಿರುವ ರೂಪಾಯಿಗೆ ಎರಡೂವರೆ ಲಕ್ಷ ಬೆಲೆ ಇದೆಯೆಂದು ಅವನಿಗೆ ಮೊಬೈಲಿನಲ್ಲಿ ಯಾರೋ ತಿಳಿಸಿದ್ದರು. ಕೊಳ್ಳುವವರೂ ಸಿಕ್ಕಿದ್ದರು. ನೋಂದಣಿ ಶುಲ್ಕವೆಂದು ಅವನು ಆಗಲೇ 2,800 ರೂಪಾಯಿ ಕಳಿಸಿಯೂ ಆಗಿತ್ತು. ಈಗ ತೆರಿಗೆಯ ಬಾಬ್ತು 6,500 ಕಳಿಸಿದರೆ ಮರುದಿನವೇ ಪೂರ್ತಿ ಹಣ ಖಾತೆಗೆ ಜಮೆಯಾಗುವುದೆಂಬ ಭರವಸೆ ಬಂದಿತ್ತು. ತಂಗಿಯ ಕಾಲೇಜಿನ ಶುಲ್ಕಕ್ಕೆಂದು ತೆಗೆದಿಟ್ಟ ಹಣ ಅವನ ಬಳಿ ಇತ್ತು.

ನಾಣ್ಯ ಅಸಲಿ, ಬೆಲೆ ಸುಳ್ಳು ಎಂದೆ. ಒಂದೇ ವಾಕ್ಯದಲ್ಲಿ ಎರಡೂ ಹೇಗೆ ನಿಜವಾಗುತ್ತವೆಂದು ಅವನಿಗೆ ಅರ್ಥವಾಗಲಿಲ್ಲ. ಅದನ್ನು ಅರ್ಥಮಾಡಿಸಲು ನನಗೆ ಅರ್ಧ ಗಂಟೆ ಹಿಡಿಯಿತು. ಆ ಅರ್ಧ ಗಂಟೆಯ ಮಾತನ್ನೇ ಇಲ್ಲಿ ತುಸು ವಿಸ್ತರಿಸುತ್ತಿದ್ದೇನೆ.

ನಾಣ್ಯದ ಮೇಲಿನ ಸಣ್ಣ ಗುರುತು ಅಲಂಕಾರಕ್ಕೆ ಹುಟ್ಟಿದ್ದಲ್ಲ, ಹೊಣೆಗಾರಿಕೆಗೆ ಹುಟ್ಟಿದ್ದು. ಬೆಳ್ಳಿ ಬಂಗಾರದ ನಾಣ್ಯಗಳ ಕಾಲದಲ್ಲಿ ತೂಕ ಕಡಿಮೆಯಾದರೆ, ಬೆರಕೆ ಹೆಚ್ಚಾದರೆ, ಯಾವ ಟಂಕಸಾಲೆಯವರನ್ನು ಹಿಡಿದು ಕೇಳಬೇಕೆಂಬುದು ಅರಸನಿಗೆ ತಿಳಿಯಬೇಕಿತ್ತು. ಟಿಪ್ಪು ಸುಲ್ತಾನನ ಆನೆಯ ಚಿತ್ರವುಳ್ಳ ತಾಮ್ರದ ಕಾಸುಗಳಲ್ಲಿ ‘ಪಟ್ಟಣ’, ‘ನಗರ’ ಎಂಬ ಹೆಸರುಗಳನ್ನು ನೋಡಿದವರಿಗೆ ಇದು ಹೊಸತಲ್ಲ. ಶ್ರೀರಂಗಪಟ್ಟಣದ ಕಾಸು ಯಾವುದು, ಬಿದನೂರಿನದು ಯಾವುದು ಎಂದು ನಾಣ್ಯವೇ ಹೇಳುತ್ತಿತ್ತು. ಪೂರ್ತಿ ಹೆಸರು ಕ್ರಮೇಣ ಒಂದು ಅಕ್ಷರಕ್ಕೆ, ಒಂದು ಚುಕ್ಕೆಗೆ ಇಳಿಯಿತು. ಉದ್ದೇಶ ಮಾತ್ರ ಅದೇ ಉಳಿಯಿತು.

ಇಂದಿನ ನಮ್ಮ ನಾಲ್ಕು ಟಂಕಸಾಲೆಗಳ ಗುರುತು ಕಲಿಯುವುದು ಸುಲಭ. ಇಸವಿಯ ಕೆಳಗೆ ನಡುವೆ ವಜ್ರಾಕೃತಿ ಇದ್ದರೆ ಮುಂಬಯಿ. ಐದು ಮೂಲೆಯ ನಕ್ಷತ್ರವಿದ್ದರೆ ಹೈದರಾಬಾದ್. ದುಂಡನೆಯ ಚುಕ್ಕೆ ನೋಯ್ಡಾದ್ದು. ಏನೂ ಇಲ್ಲದಿದ್ದರೆ ಕೋಲ್ಕತ್ತ. ಹಿರಿಯ ಮನೆತನದವರು ರುಜು ಹಾಕುವ ಗೋಜಿಗೆ ಹೋಗುವುದಿಲ್ಲವೆಂಬಂತೆ, ಅಲ್ಲಿ ಗುರುತಿನ ಅಭಾವವೇ ಗುರುತು.

ಕಷ್ಟ ಶುರುವಾಗುವುದು ಹೊರದೇಶದಲ್ಲಿ ಟಂಕಿಸಿದ ಭಾರತದ ನಾಣ್ಯಗಳಲ್ಲಿ. ಬೇರೆ ದೇಶದವರು ನಮ್ಮ ಸಿಂಹಲಾಂಛನವನ್ನು ಅಚ್ಚೊತ್ತಿದ್ದರೆಂದರೆ ಅನೇಕ ವಿದ್ಯಾವಂತರೂ ಹುಬ್ಬೇರಿಸುತ್ತಾರೆ. ನಡೆದದ್ದು ನಿಜ. 1980ರ ದಶಕದ ನಡುಭಾಗದಲ್ಲಿ ಚಿಲ್ಲರೆಯ ಬರ ಎಷ್ಟಿತ್ತೆಂಬುದು ನನ್ನ ವಯಸ್ಸಿನವರಿಗೆ ನೆನಪಿದೆ. ಅಂಗಡಿಯವನು ನಾಲ್ಕಾಣೆಯ ಬದಲು ಪೆಪ್ಪರಮಿಂಟು ಕೊಡುತ್ತಿದ್ದ. ಬಸ್ಸಿನ ನಿರ್ವಾಹಕ ಬಾಕಿಯನ್ನು ಟಿಕೇಟಿನ ಹಿಂಬದಿಯಲ್ಲಿ ಬರೆದು, ‘ಇಳಿಯುವಾಗ ತಗೊಳ್ಳಿ’ ಎನ್ನುತ್ತಿದ್ದ. ಆಗ ದೇಶದಲ್ಲಿದ್ದ ಟಂಕಸಾಲೆಗಳು ಮೂರೇ. ನೋಯ್ಡಾದಲ್ಲಿ ಉತ್ಪಾದನೆ ಆರಂಭವಾದದ್ದು 1988ರಲ್ಲಿ. ಬೇಡಿಕೆಗೂ ಪೂರೈಕೆಗೂ ನಡುವಿನ ಕಂದಕ ತುಂಬಲು 1985ರಲ್ಲಿ ಸರ್ಕಾರ ವಿದೇಶಿ ಟಂಕಸಾಲೆಗಳ ಮೊರೆಹೊಕ್ಕಿತು.

ಎರಡನೆಯ ಅಲೆ ಬಂದದ್ದು 1990ರ ದಶಕದ ಕೊನೆಯಲ್ಲಿ. ಅದಕ್ಕೆ ಕಾರಣ ಇನ್ನೂ ಸ್ವಾರಸ್ಯಕರ. ಬೇಗ ಹರಿಯುವ ಸಣ್ಣ ನೋಟುಗಳನ್ನು ಮತ್ತೆ ಮತ್ತೆ ಮುದ್ರಿಸುವುದಕ್ಕಿಂತ ಬಹುಕಾಲ ಬಾಳುವ ನಾಣ್ಯವೇ ಅಗ್ಗವೆಂಬ ಲೆಕ್ಕಾಚಾರದ ಮೇಲೆ ಒಂದು ರೂಪಾಯಿಯ ನೋಟಿನ ಮುದ್ರಣ 1994ರಲ್ಲಿ, ಎರಡು ಮತ್ತು ಐದು ರೂಪಾಯಿಗಳದ್ದು 1995ರಲ್ಲಿ ನಿಂತಿತು. ಲೆಕ್ಕವೇನೋ ಸರಿಯಾಗಿತ್ತು. ಆದರೆ ಅಷ್ಟೂ ನೋಟುಗಳ ಜಾಗವನ್ನು ತುಂಬುವಷ್ಟು ನಾಣ್ಯ ಅಚ್ಚೊತ್ತುವ ಶಕ್ತಿ ನಮ್ಮ ಟಂಕಸಾಲೆಗಳಿಗೆ ಇದೆಯೇ ಎಂಬುದನ್ನು ಮೊದಲೇ ನೋಡಬೇಕಿತ್ತು. ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ನಾನು ಮೊದಲನೆಯ ವಾಕ್ಯವನ್ನು ಮೆಚ್ಚುತ್ತೇನೆ. ಆಡಳಿತದಲ್ಲಿ ಇದ್ದವನಾಗಿ ಎರಡನೆಯದಕ್ಕೆ ತಲೆ ತಗ್ಗಿಸುತ್ತೇನೆ.

ಹೀಗೆ ಬಂದ ನಾಣ್ಯಗಳ ಗುರುತುಗಳನ್ನು ಓದಲು ಒಂದು ಭೂತಗನ್ನಡಿ, ಸ್ವಲ್ಪ ತಾಳ್ಮೆ ಸಾಕು. ಏನು ಕೆತ್ತಿದೆ ಎಂಬುದರಷ್ಟೇ ಎಲ್ಲಿ ಕೆತ್ತಿದೆ ಎಂಬುದೂ ಮುಖ್ಯ. 1985ರ ರೂಪಾಯಿಯಲ್ಲಿ ವಜ್ರಾಕೃತಿ ಕಂಡ ಕೂಡಲೇ ಮುಂಬಯಿ ಎಂದು ತೀರ್ಮಾನಿಸಬೇಡಿ. ಅದು ನಡುವೆ ಇರದೆ ಇಸವಿಯ ಮೊದಲ ಅಂಕಿಯ, ಅಂದರೆ ‘1’ರ ಕೆಳಗೆ ಇದ್ದರೆ, ಆ ನಾಣ್ಯ ಬ್ರಿಟನ್ನಿನ ವೇಲ್ಸ್ ಪ್ರಾಂತದ ಲಾಂಟ್ರಿಸೆಂಟಿನಲ್ಲಿರುವ ರಾಯಲ್ ಮಿಂಟಿನಿಂದ ಬಂದದ್ದು. ನಕ್ಷತ್ರದ ವಿಷಯವೂ ಹಾಗೆಯೇ. ನಡುವೆ ಇದ್ದರೆ ಹೈದರಾಬಾದ್. ಇಸವಿಯ ಮೊದಲನೆಯ ಅಥವಾ ಕೊನೆಯ ಅಂಕಿಯ ಕೆಳಗೆ ಸರಿದಿದ್ದರೆ ದಕ್ಷಿಣ ಕೊರಿಯಾದ ಟೇಗು. ಒಂದು ಮಿಲಿಮೀಟರಿನಷ್ಟು ಜಾಗ ಪಲ್ಲಟವಾದರೆ ನಾಣ್ಯದ ಹುಟ್ಟೂರು ಸಾವಿರಾರು ಮೈಲಿ ಆಚೆಗೆ ಹೋಗುತ್ತದೆ!

ಅಕ್ಷರಗಳಲ್ಲಿ ‘ಎಂ’ ಅತ್ಯಂತ ಮೋಸಗಾರ. ಮುಂಬಯಿಯ ಸಂಗ್ರಾಹಕರ ನಾಣ್ಯಗಳ ಮೇಲೆ ಬರಿಯ ‘ಎಂ’ ಇರುತ್ತದೆ. ಅದೇ ‘ಎಂ’ ಒಂದು ಅಂಡಾಕಾರದ ಗೆರೆಯೊಳಗೆ ಕುಳಿತಿದ್ದರೆ ದಕ್ಷಿಣ ಆಫ್ರಿಕಾದ ಪ್ರಿಟೋರಿಯಾ. ಪಕ್ಕದಲ್ಲಿ ‘ಕೆ’ ಸೇರಿದ್ದರೆ ಸ್ಲೊವಾಕಿಯಾದ ಕ್ರೆಮ್ನಿತ್ಸಾ. 1328ರಲ್ಲಿ ಸ್ಥಾಪನೆಯಾದ ಟಂಕಸಾಲೆ ಅದು, ಅಂದರೆ ನಮ್ಮ ವಿಜಯನಗರಕ್ಕಿಂತ ಕೆಲವು ವರ್ಷ ಹಿರಿದು. ‘ಎಂಎಂಡಿ’ ಎಂಬ ಮೂರು ಅಕ್ಷರ ಮಾಸ್ಕೋದ್ದು. ‘ಎಂ’ನ ನೆತ್ತಿಯ ಮೇಲೆ ಪುಟ್ಟ ಸೊನ್ನೆಯಿದ್ದರೆ ಅದು ಮೆಕ್ಸಿಕೊ ನಗರ. ಈ ಕೊನೆಯದರ ಮುಂದೆ ನಾನು ಪ್ರತಿ ಬಾರಿಯೂ ಒಂದು ಕ್ಷಣ ನಿಲ್ಲುತ್ತೇನೆ. 1535ರಲ್ಲಿ ಆರಂಭವಾದ ಆ ಟಂಕಸಾಲೆ ಇದೇ ಗುರುತನ್ನು ಒತ್ತಿದ ಬೆಳ್ಳಿಯ ನಾಣ್ಯಗಳು ಯುರೋಪಿನ ಕಂಪನಿಗಳ ಹಡಗುಗಳಲ್ಲಿ ಏಷ್ಯಾದ ಬಂದರುಗಳಿಗೆ ಬಂದು, ಮೆಣಸು, ರೇಷ್ಮೆ, ಬಟ್ಟೆಗಳಿಗೆ ಬದಲಾಗುತ್ತಿದ್ದವು. ಅದೇ ಗುರುತು ಇಪ್ಪತ್ತನೆಯ ಶತಮಾನದ ಕೊನೆಗೆ ನಮ್ಮ ಉಕ್ಕಿನ ರೂಪಾಯಿಯ ಮೇಲೆ ಮರಳಿ ಬಂತು. ಆಗ ಬೆಳ್ಳಿ ಕೊಟ್ಟು ನಮ್ಮ ಸರಕು ಒಯ್ಯುತ್ತಿದ್ದರು; ಈಗ ನಾವೇ ಹಣ ಕೊಟ್ಟು ಚಿಲ್ಲರೆ ತರಿಸಿದೆವು.

ಉಳಿದಂತೆ 1980ರ ದಶಕದ 25 ಪೈಸೆಗಳಲ್ಲಿ ಕಾಣುವ ‘ಸಿ’ ಕಲ್ಕತ್ತದ್ದಲ್ಲ, ಕೆನಡಾದ ಒಟ್ಟಾವಾದ್ದು. ಹಾಲಿನ ಹುಡುಗನ ‘ಎಚ್’ ಬರ್ಮಿಂಗ್‌ಹ್ಯಾಮಿನ ಹೀಟನ್ ಮನೆತನ ಕಟ್ಟಿದ ಖಾಸಗಿ ಟಂಕಸಾಲೆಯದು. ವಿಕ್ಟೋರಿಯಾ ರಾಣಿಯ ಪೆನ್ನಿಗಳ ಮೇಲೂ ಕಾಣಿಸುವ ಆ ಅಕ್ಷರವನ್ನು ಒತ್ತುತ್ತಿದ್ದ ಕಾರ್ಖಾನೆ 2003ರಲ್ಲಿ ಬಾಗಿಲು ಮುಚ್ಚಿತು.

ನಮ್ಮ ಹಣಕ್ಕೂ ಬರ್ಮಿಂಗ್‌ಹ್ಯಾಮಿಗೂ ನಂಟು ಇನ್ನೂ ಹಳೆಯದು. ಮದರಾಸು ಪ್ರಾಂತಕ್ಕೆಂದು ಅಲ್ಲಿನ ಸೋಹೋ ಟಂಕಸಾಲೆಯಲ್ಲಿ ತಯಾರಾದ 1808ರ ತಾಮ್ರದ ಕಾಸುಗಳನ್ನು ಹೊತ್ತ ‘ಅಡ್ಮಿರಲ್ ಗಾರ್ಡ್ನರ್’ ಹಡಗು 1809ರ ಜನವರಿಯಲ್ಲಿ ಇಂಗ್ಲೆಂಡಿನ ಕರಾವಳಿಯ ಗುಡ್‌ವಿನ್ ಮರಳದಿಣ್ಣೆಗೆ ಸಿಕ್ಕಿ ಮುಳುಗಿತು. ಬಳ್ಳಾರಿ, ಮಂಗಳೂರುಗಳು ಆಗ ಮದರಾಸು ಪ್ರಾಂತದಲ್ಲಿಯೇ ಇದ್ದವು. ಅಲ್ಲಿನ ಸಂತೆಗಳಲ್ಲಿ ಕೈ ಬದಲಾಗಬಹುದಾಗಿದ್ದ ಕಾಸುಗಳು ಸುಮಾರು ನೂರೆಂಬತ್ತು ವರ್ಷ ಕಡಲಡಿಯಲ್ಲಿ ಮಲಗಿದ್ದು, ಮುಳುಗುಗಾರರ ಕೈಗೆ ಸಿಕ್ಕವು.

ಇದನ್ನೆಲ್ಲ ಓದಿ ದೇಶದ ಮಾನ ಹೋಯಿತೆಂದು ಯಾರೂ ಕೊರಗಬೇಕಿಲ್ಲ. ನಾವೂ ಒಂದು ಕಾಲಕ್ಕೆ ಬೇರೆಯವರ ‘ವಿದೇಶಿ ಟಂಕಸಾಲೆ’ ಆಗಿದ್ದೆವು. ಮೊದಲ ಮಹಾಯುದ್ಧದ ನಡುವೆ, 1916ರಿಂದ 1918ರವರೆಗೆ, ಆಸ್ಟ್ರೇಲಿಯಾದ ಪೆನ್ನಿಗಳನ್ನು ಕಲ್ಕತ್ತದಲ್ಲಿ ಅಚ್ಚೊತ್ತಿದರು. ಎರಡನೆಯ ಯುದ್ಧದಲ್ಲಿ, 1942–43ರಲ್ಲಿ, ಮುಂಬಯಿಯಲ್ಲಿ. ಅವುಗಳ ಮೇಲೆ ಇಂಡಿಯಾ ಎಂಬುದರ ಸಂಕೇತವಾಗಿ ಪುಟ್ಟ ‘ಐ’ ಇದೆ. 1918ರಲ್ಲಿ ಮುಂಬಯಿಯಲ್ಲಿ ಟಂಕಿಸಿದ ಬ್ರಿಟಿಷ್ ಸವರನ್ನಿನ ಮೇಲೆಯೂ ಅದೇ ‘ಐ’. ಸಿಡ್ನಿಯಲ್ಲೋ ಮೆಲ್ಬರ್ನಿನಲ್ಲೋ ಆ ಪೆನ್ನಿಯನ್ನು ತಿರುಗಿಸಿ ನೋಡಿ, ಇದೇನಿದು ಎಂದು ಹುಬ್ಬೇರಿಸಿದವರೂ ಇದ್ದಿರಬೇಕು. 2011ರ ನಾಣ್ಯ ಕಾಯಿದೆಯೂ ಅಗತ್ಯವಿದ್ದರೆ ಹೊರದೇಶದಲ್ಲಿ ಟಂಕಿಸಿ ತರಿಸಲು ಸರ್ಕಾರಕ್ಕೆ ಅಧಿಕಾರ ಕೊಟ್ಟಿದೆ.

ಹಾಗಾದರೆ ಎರಡೂವರೆ ಲಕ್ಷದ ಮಾತು? ಹುಡುಗನಿಗೆ ಹೇಳಿದ್ದಿಷ್ಟೇ. ಕೊರತೆ ನೀಗಿಸಲೆಂದೇ ರಾಶಿಗಟ್ಟಲೆ ತರಿಸಿದ ಸರಕು ಅಪರೂಪದ್ದು ಹೇಗಾದೀತು? ಯಾರ ಕೈಗೂ ತಾಗದ, ಹೊಳಪು ಮಾಸದ ನಾಣ್ಯಕ್ಕೆ ಸಂಗ್ರಾಹಕರು ಒಂದಿಷ್ಟು ಹೆಚ್ಚು ಕೊಟ್ಟಾರು. ಸವೆದ ನಾಣ್ಯದ ಬೆಲೆ ಒಂದು ರೂಪಾಯಿ. ಹಳೆಯ ನಾಣ್ಯ, ನೋಟುಗಳ ಮಾರಾಟದ ಹೆಸರಿನಲ್ಲಿ ಶುಲ್ಕ, ತೆರಿಗೆ ಕೇಳುವವರನ್ನು ನಂಬಬೇಡಿರೆಂದು ರಿಸರ್ವ್ ಬ್ಯಾಂಕ್ 2021ರ ಆಗಸ್ಟಿನಲ್ಲಿಯೇ ಸಾರ್ವಜನಿಕರನ್ನು ಎಚ್ಚರಿಸಿದೆ. ಆ ಎಚ್ಚರಿಕೆ ಹಾಲಿನ ಹುಡುಗನ ಮೊಬೈಲಿಗೆ ತಲುಪಲಿಲ್ಲ; ಎರಡೂವರೆ ಲಕ್ಷದ ಸುದ್ದಿ ತಲುಪಿತು. ಅವನು ಮಾತಾಡದೆ ನಾಣ್ಯವನ್ನು ಜೇಬಿಗೆ ಹಾಕಿಕೊಂಡ. 6,500 ಉಳಿಯಿತು, 2,800 ಹೋಯಿತು. ಪೊಲೀಸರಿಗೆ ದೂರು ಕೊಡಲು ಜೊತೆಗೆ ಬರುತ್ತೇನೆಂದೆ. ‘ಬೇಡ ಸಾರ್, ನಾನೇ ಸಿಕ್ಕಿಹಾಕಿಕೊಂಡರೆ?’ ಎಂದ.

ಅವನ ಭಯವನ್ನು ನಗುತ್ತಾ ತಳ್ಳಿಹಾಕುವ ಯೋಗ್ಯತೆ ನನಗಿಲ್ಲ. ಈ ಅಕ್ಷರದ ಪರಿಚಯ ನನಗಾದದ್ದೇ ಒಬ್ಬ ನಿರಪರಾಧಿಯ ಖರ್ಚಿನಲ್ಲಿ.

1986ರಲ್ಲಿ ನಾನು ಬಯಲುಸೀಮೆಯ ಒಂದು ತಾಲ್ಲೂಕಿನಲ್ಲಿ ತರಬೇತಿಯ ಅವಧಿಯ ತಹಶೀಲ್ದಾರ. ಎಂ.ಎ. ತರಗತಿಯಲ್ಲಿ ಹಣದ ಪ್ರಮಾಣ ಸಿದ್ಧಾಂತವನ್ನು ಬಾಯಿಪಾಠ ಮಾಡಿದ್ದೆ. ಹಣವನ್ನು ತಿರುಗಿಸಿ ನೋಡಿದವನಲ್ಲ. ಬಸ್ ನಿಲ್ದಾಣದ ಬಳಿ ಸೋಡಾ, ಬೀಡಿ ಮಾರುತ್ತಿದ್ದ ಒಬ್ಬನನ್ನು ಠಾಣೆಯವರು ಕರೆತಂದರು. ಬ್ಯಾಂಕಿಗೆ ಕಟ್ಟಲು ಒಯ್ದ ಹಣದಲ್ಲಿ 42 ರೂಪಾಯಿ ನಾಣ್ಯಗಳ ಮೇಲೆ ಬೇರೆ ನಾಣ್ಯಗಳಲ್ಲಿ ಇಲ್ಲದ ಒಂದು ಅಕ್ಷರವಿದೆಯೆಂದು ಗುಮಾಸ್ತರೊಬ್ಬರು ಸಂಶಯಪಟ್ಟಿದ್ದರು. ಅವನ ಹೆಸರೂ ‘ಹ’ಕಾರದಿಂದಲೇ ಆರಂಭವಾಗುತ್ತಿದ್ದುದು ಅನುಮಾನಕ್ಕೆ ಇಂಬು ಕೊಟ್ಟಿತ್ತು. ನಕಲಿ ನಾಣ್ಯ ಮಾಡುವವನು ಅದರ ಮೇಲೆ ತನ್ನ ಹೆಸರಿನ ಮೊದಲಕ್ಷರವನ್ನು ಕೆತ್ತಿಕೊಂಡಾನೆಯೇ ಎಂದು ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ‘ನಾಣ್ಯಗಳನ್ನು ಇಟ್ಟುಕೊಳ್ಳಿ, ಪರೀಕ್ಷೆಗೆ ಕಳಿಸೋಣ, ಇವನು ದಿನವೂ ಬಂದು ಹಾಜರಿ ಹಾಕಲಿ’ ಎಂದೆ. ಎಷ್ಟು ನ್ಯಾಯಸಮ್ಮತವಾಗಿ ಕೇಳಿಸುತ್ತದೆ!

ಮೂರು ದಿನ ಅಂಗಡಿ ಮುಚ್ಚಿತ್ತು. ನಾಲ್ಕನೆಯ ದಿನ, ಬೇರೆ ಯಾವುದೋ ಕೆಲಸಕ್ಕೆ ಉಪಖಜಾನೆಗೆ ಹೋಗಿದ್ದಾಗ, ಅಲ್ಲಿನ ವಯಸ್ಸಾದ ಶರಾಫರಿಗೆ ಒಂದು ನಾಣ್ಯ ತೋರಿಸಿದೆ. ಅವರು ಕನ್ನಡಕವನ್ನೂ ಹಾಕಿಕೊಳ್ಳಲಿಲ್ಲ. ‘ಇದಾ ಸ್ವಾಮೀ, ಹೊಸ ಚೀಲದ್ದು’ ಎಂದು ಮೂಲೆಯಲ್ಲಿದ್ದ ಚೀಲದಿಂದ ಒಂದು ಹಿಡಿ ತೆಗೆದು ಮೇಜಿನ ಮೇಲೆ ಸುರಿದರು. ಎಲ್ಲದರ ಮೇಲೂ ‘ಎಚ್’. ಸರ್ಕಾರವೇ ಹಂಚಿದ ನಾಣ್ಯವನ್ನು ಇಟ್ಟುಕೊಂಡದ್ದಕ್ಕಾಗಿ ಸರ್ಕಾರದ ಹೆಸರಿನಲ್ಲಿ ನಾನು ಒಬ್ಬನನ್ನು ನಿಲ್ಲಿಸಿದ್ದೆ.

ಹತ್ತು ರೂಪಾಯಿಯ ನಾಣ್ಯಗಳು ವಿನ್ಯಾಸಕ್ಕೊಂದು ಬಗೆ ಬಂದಾಗ ಊರೂರುಗಳಲ್ಲಿ ಅಂಗಡಿಯವರು ಅವನ್ನು ನಕಲಿಯೆಂದು ನಿರಾಕರಿಸಿದ್ದು, ಹದಿನಾಲ್ಕು ವಿನ್ಯಾಸಗಳೂ ಅಸಲಿಯೇ ಎಂದು ರಿಸರ್ವ್ ಬ್ಯಾಂಕ್ 2018ರ ಜನವರಿಯಲ್ಲಿ ಸ್ಪಷ್ಟಪಡಿಸಬೇಕಾಗಿ ಬಂದದ್ದು ಓದುಗರಿಗೆ ನೆನಪಿರಬಹುದು. ಆಗ ನನ್ನ ಸ್ನೇಹಿತರು ಜನರ ಅಜ್ಞಾನವನ್ನು ಹಳಿಯುತ್ತಿದ್ದರು. ನಾನು ಸುಮ್ಮನಿದ್ದೆ.

ಆ ಸಂಜೆ ಅಂಗಡಿಯವನನ್ನು ಕರೆಸಿ, ತಪ್ಪಾಯಿತೆಂದು ಹೇಳಿ, ನಾಣ್ಯಗಳನ್ನು ಹಿಂದಿರುಗಿಸಿದೆ. ಅವನು ನನ್ನ ಮೇಜಿನ ಅಂಚಿನಲ್ಲಿ ನಾಲ್ಕು ನಾಲ್ಕಾಗಿ ಜೋಡಿಸಿ ಎಣಿಸಿದ. 41 ಇದ್ದವು. ಪರೀಕ್ಷೆಗೆಂದು ಅಲ್ಲಿ ಇಲ್ಲಿ ಕೈ ಬದಲಾಗುವಾಗ ಒಂದು ಎಲ್ಲೋ ಉಳಿದಿತ್ತು. ನನ್ನ ಜೇಬಿನಿಂದ ಒಂದು ರೂಪಾಯಿ ತೆಗೆದು ಮುಂದೆ ಚಾಚಿದೆ. ಅವನು ಅದನ್ನು ತಕ್ಷಣ ತೆಗೆದುಕೊಳ್ಳಲಿಲ್ಲ. ಬಗ್ಗಿ, ನನ್ನ ಅಂಗೈಯಲ್ಲೇ ಅದನ್ನು ಬೆರಳಿನಿಂದ ಮಗುಚಿ, ಇಸವಿಯ ಕೆಳಗೆ ಏನಾದರೂ ಅಕ್ಷರವಿದೆಯೇ ಎಂದು ನೋಡಿ, ಇಲ್ಲವೆಂದು ಖಾತ್ರಿಯಾದ ಮೇಲೆ ಎತ್ತಿಕೊಂಡ.