ಹಗಲು ದೀಪ: ಬಲ್ಬು ತೆಗೆದು ಎಲ್‌ಇಡಿ ಹಾಕುವ ಮುನ್ನ

ಆಲೂರು ತಾಲ್ಲೂಕಿನ ಕುಂದೂರು ಹೋಬಳಿಯಲ್ಲಿ ಮುಂಗಾರು ಹಿಡಿಯಿತೆಂದರೆ ಬೆಳಗ್ಗೆ ಹತ್ತಾದರೂ ದೀಪ ಹಾಕಿಕೊಂಡೇ ಗಾಡಿ ಓಡಿಸಬೇಕಾದ ದಿನಗಳು ಬರುತ್ತವೆ. ಕಾಫಿ ತೋಟದ ಮರಗಳ ನೆರಳು, ಬಿಡದೆ ಸುರಿಯುವ ಸೋನೆ, ತಿರುವಿನಲ್ಲಿ ಕಾದು ಕುಳಿತಂಥ ಮಂಜು. ಬೂದು ಬಣ್ಣದ ಕಾರೊಂದು ಎದುರಿಗೆ ಬಂದರೆ ತೀರಾ ಹತ್ತಿರಕ್ಕೆ ಬಂದ ಮೇಲೇ ಗೊತ್ತಾಗುವುದು. ಇಂಥ ಕಡೆ ಕಾರಿನ ಮುಂದೆ ಹಗಲಿಡೀ ಉರಿಯುವ ಪುಟ್ಟ ಬಿಳಿ ದೀಪಕ್ಕೆ, ಅಂದರೆ ಡಿಆರ್‌ಎಲ್‌ಗೆ, ಬೆಲೆಯಿದೆ. ಅದರ ಹಳೇ ಬಲ್ಬು ತೆಗೆದು ಎಲ್‌ಇಡಿ ಹಾಕುವುದು ಸಣ್ಣ ಕೆಲಸ. ಆದರೆ ಆ ದೀಪ ಯಾಕಿದೆ ಎಂಬುದು ತಿಳಿಯದೆ ಹಾಕಿದರೆ ದುಡ್ಡು ದಂಡ, ಕೆಲವೊಮ್ಮೆ ಅಪಾಯವೂ ಹೌದು.

ಹಗಲಲ್ಲಿ ದೀಪ ಯಾಕೆ

ಹಗಲಲ್ಲೂ ದೀಪ ಉರಿಸುವ ಪದ್ಧತಿ ಬಂದದ್ದು ಉತ್ತರದ ಚಳಿದೇಶಗಳಿಂದ. ಅಲ್ಲಿ ಚಳಿಗಾಲದ ಹಗಲೆಂದರೆ ನಮ್ಮ ಮುಸ್ಸಂಜೆ. ಫಿನ್ಲೆಂಡ್ 1972ರಲ್ಲಿ ಊರಾಚೆಯ ರಸ್ತೆಗಳಿಗೆ ಚಳಿಗಾಲದ ಮಟ್ಟಿಗೆ ಈ ನಿಯಮ ತಂದಿತು. ಸ್ವೀಡನ್ 1977ರಲ್ಲಿ ವರ್ಷವಿಡೀ ಕಡ್ಡಾಯ ಮಾಡಿತು. ಕೆನಡಾದಲ್ಲಿ 1989ರ ಡಿಸೆಂಬರ್‌ನಿಂದ ತಯಾರಾದ ಗಾಡಿಗಳಿಗೆ ಇದು ಕಾರ್ಖಾನೆಯಿಂದಲೇ ಬರಬೇಕಾಯಿತು. ಯುರೋಪ್ ಒಕ್ಕೂಟದಲ್ಲಿ 2011ರ ಫೆಬ್ರವರಿಯಿಂದ ಹೊಸ ಮಾದರಿಯ ಕಾರುಗಳಿಗೆಲ್ಲ ಕಡ್ಡಾಯವಾಯಿತು. ನಮ್ಮಲ್ಲಿ 2017ರ ಏಪ್ರಿಲ್ 1ರಿಂದ ಹೊಸ ಬೈಕು, ಸ್ಕೂಟರುಗಳ ಹೆಡ್‌ಲೈಟು ತಾನೇ ತಾನಾಗಿ ಉರಿಯುವುದೂ ಎದುರಿನವರಿಗೆ ಗಾಡಿ ಕಾಣಲೆಂದೇ. ಕಾರುಗಳಿಗೆ ಆ ಕಡ್ಡಾಯವಿಲ್ಲ.

ಈ ದೀಪದ ಕೆಲಸ ದನದ ಕೊರಳಿಗೆ ಕಟ್ಟಿದ ಗಂಟೆಯದು. ಗಂಟೆ ದನಕ್ಕೆ ದಾರಿ ತೋರಿಸುವುದಿಲ್ಲ, ದನ ಎಲ್ಲಿದೆ ಎಂದು ನಮಗೆ ತಿಳಿಸುತ್ತದೆ. ಅಂತರರಾಷ್ಟ್ರೀಯ ನಿಯಮದ ಪ್ರಕಾರ ಹಗಲು ದೀಪದ ತೀವ್ರತೆ 400ರಿಂದ 1200 ಕ್ಯಾಂಡೆಲಾ ಒಳಗಿರಬೇಕು, ಬಣ್ಣ ಬಿಳಿಯೇ ಆಗಿರಬೇಕು. ಹೈಬೀಮ್ ಹತ್ತಾರು ಸಾವಿರ ಕ್ಯಾಂಡೆಲಾ ಚೆಲ್ಲುತ್ತದೆ. ಸಂಜೆಗತ್ತಲಲ್ಲಿ ತೋಟದಿಂದ ರಸ್ತೆಗಿಳಿದ ಆನೆ ಹಗಲು ದೀಪದಲ್ಲಿ ಕಾಣುವುದಿಲ್ಲ. ಹಾಗಾಗಿ ‘ಎಲ್‌ಇಡಿ ಹಾಕಿದರೆ ರಸ್ತೆ ಚೆನ್ನಾಗಿ ಕಾಣುತ್ತಾ?’ ಎಂದು ಕೇಳುವವರಿಗೆ ಉತ್ತರ: ಇಲ್ಲ, ಕಾಣಬೇಕಾಗಿಯೂ ಇಲ್ಲ.

ಹಳೇ ಬಲ್ಬಿಗೂ ಹೊಸದಕ್ಕೂ ಇರುವ ವ್ಯತ್ಯಾಸ

ಹಗಲು ದೀಪಕ್ಕೆ ಹಿಂದೆ ಬಹಳ ಕಾರುಗಳಲ್ಲಿ ಹಾಕುತ್ತಿದ್ದದ್ದು 12 ವೋಲ್ಟ್, 21 ವಾಟ್‌ನ ಸಾದಾ ಬಲ್ಬು. ಇಂಡಿಕೇಟರಿಗೂ ರಿವರ್ಸ್ ಲೈಟಿಗೂ ಬರುವ ಜಾತಿಯದೇ. ಒಳಗಿನ ತಂತಿ ಕಾದು ಬೆಳಗುತ್ತದೆ. ವಿದ್ಯುತ್ತಿನ ಬಹುಪಾಲು ಶಾಖವಾಗಿ ಹೋಗುತ್ತದೆ. ಆಯಸ್ಸು ಕೆಲವು ನೂರು ಗಂಟೆ. ಹಗಲಿಡೀ ಉರಿಯುವ ದೀಪಕ್ಕೆ ಅದು ಸಾಲದು.

ಎಲ್‌ಇಡಿಯಲ್ಲಿ ಕಾಯುವ ತಂತಿಯೇ ಇಲ್ಲ. ನೀಲಿ ಬೆಳಕು ಕೊಡುವ ಪುಟ್ಟ ಚಿಪ್ಪಿನ ಮೇಲೆ ಹಳದಿ ರಾಸಾಯನಿಕದ ಲೇಪ. ಎರಡು ಬೆಳಕೂ ಬೆರೆತು ಕಣ್ಣಿಗೆ ಬಿಳಿಯಾಗಿ ಕಾಣುತ್ತದೆ. ಈ ನೀಲಿ ಎಲ್‌ಇಡಿಯನ್ನು ಸಾಧಿಸಿದ ಜಪಾನ್ ಮೂಲದ ಮೂವರು ವಿಜ್ಞಾನಿಗಳಾದ ಅಕಾಸಾಕಿ, ಅಮಾನೊ ಮತ್ತು ನಾಕಾಮುರಾ 2014ರಲ್ಲಿ ಭೌತಶಾಸ್ತ್ರದ ನೊಬೆಲ್ ಪಡೆದರು. 21 ವಾಟ್‌ನ ಬಲ್ಬು ಕೊಡುವಷ್ಟೇ ಬೆಳಕನ್ನು ಒಳ್ಳೆಯ ಎಲ್‌ಇಡಿ ನಾಲ್ಕೈದು ವಾಟ್‌ನಲ್ಲಿ ಕೊಡುತ್ತದೆ.

ಹಾಗಾದರೆ ಪೆಟ್ರೋಲ್ ಉಳಿಯುತ್ತದೆಯೇ? ಎರಡು ಬಲ್ಬಿಗೆ 42 ವಾಟ್ ಹೋಗುತ್ತಿದ್ದ ಕಡೆ ಈಗ ಎಂಟು, ಹತ್ತು. ಉಳಿತಾಯ ಮೂವತ್ತು ಚಿಲ್ಲರೆ ವಾಟ್. ಇಂಜಿನ್ನು ಮತ್ತು ಆಲ್ಟರ್ನೇಟರಿನ ಸೋರಿಕೆಯನ್ನೆಲ್ಲ ಲೆಕ್ಕಕ್ಕೆ ಹಿಡಿದರೂ ಒಂದು ಲೀಟರ್ ಉಳಿಸಲು ಅಂದಾಜು ನಲವತ್ತು ಗಂಟೆ ಗಾಡಿ ಓಡಿಸಬೇಕು. ಎಲ್‌ಇಡಿಯ ನಿಜವಾದ ಲಾಭ ಇಂಧನದಲ್ಲಿಲ್ಲ, ಬಾಳಿಕೆಯಲ್ಲಿದೆ. ಗುಂಡಿ ಬಿದ್ದ ತೋಟದ ರಸ್ತೆಯ ಕುಲುಕಾಟಕ್ಕೆ ತುಂಡಾಗುವ ತಂತಿ ಅದರಲ್ಲಿಲ್ಲ.

ಬಲ್ಬು ಬಿಚ್ಚಿ ನೋಡಿ

ಈಚಿನ ಎಷ್ಟೋ ಕಾರುಗಳಲ್ಲಿ ಹಗಲು ದೀಪ ಕಾರ್ಖಾನೆಯಿಂದಲೇ ಎಲ್‌ಇಡಿ. ಅದು ಹೆಡ್‌ಲೈಟಿನ ಡೂಮಿನೊಳಗೇ ಕೂತಿರುತ್ತದೆ. ಬಿಡಿ ಬಲ್ಬು ಬದಲಿಸುವ ಮಾತೇ ಇಲ್ಲ. ನಿಮ್ಮದು ಬಲ್ಬಿನ ಗಾಡಿಯಾದರೆ ಮೊದಲು ಹಳೆಯದನ್ನು ಹೊರತೆಗೆದು ಕೈಯಲ್ಲಿ ಹಿಡಿಯಿರಿ. ದೀಪ ಆರಿಸಿ, ಬಲ್ಬು ತಣ್ಣಗಾದ ಮೇಲೆ, ಹೋಲ್ಡರಿನೊಳಕ್ಕೆ ತುಸು ಒತ್ತಿ ಎಡಕ್ಕೆ ತಿರುಗಿಸಿದರೆ ಬರುತ್ತದೆ. ಬುಡದ ಲೋಹದ ಟೋಪಿಯ ಇಕ್ಕೆಲದಲ್ಲಿ ಎರಡು ಮೊಳೆಗಳಂಥ ಗುಬುಟು ಕಾಣುತ್ತವೆ. ಎರಡೂ ಒಂದೇ ಎತ್ತರದಲ್ಲಿ ಎದುರುಬದುರಾಗಿದ್ದು ತಳದಲ್ಲಿ ಒಂದೇ ಸೀಸದ ಚುಕ್ಕಿಯಿದ್ದರೆ ಅದು ಒಂದು ತಂತಿಯ 21 ವಾಟ್ ಬಲ್ಬು. ಗುಬುಟು ಮೇಲೆ ಕೆಳಗಾಗಿದ್ದು ತಳದಲ್ಲಿ ಎರಡು ಚುಕ್ಕಿಯಿದ್ದರೆ ಅದು 21 ಮತ್ತು 5 ವಾಟ್‌ನ ಎರಡು ತಂತಿಯ ಬಲ್ಬು. ಹಗಲಿಗೆ ದೊಡ್ಡ ತಂತಿ, ರಾತ್ರಿ ಪಾರ್ಕಿಂಗ್ ದೀಪವಾಗಿ ಸಣ್ಣದು.

ಈ ಎರಡನೆಯ ಬಗೆಯಲ್ಲಿ ಎಚ್ಚರ ಬೇಕು. ಅಗ್ಗದ ಎಲ್‌ಇಡಿಗಳಲ್ಲಿ ಎರಡೂ ಹಂತದ ಬೆಳಕಿಗೆ ಹೆಚ್ಚು ವ್ಯತ್ಯಾಸ ಇರುವುದಿಲ್ಲ. ಹಗಲಿಗೆ ಹಿತವಾಗಿದ್ದ ದೀಪ ರಾತ್ರಿ ಎದುರು ಗಾಡಿಯವರ ಕಣ್ಣು ಕುಕ್ಕುತ್ತದೆ. ಕೊಳ್ಳುವ ಮುಂಚೆ ಅಂಗಡಿಯ ಬ್ಯಾಟರಿಗೆ ಹಿಡಿಸಿ ಎರಡೂ ಹಂತ ಉರಿಸಿ ನೋಡುವುದು ಒಳ್ಳೆಯದು.

ಹೋಲ್ಡರಿನ ಒಳಗೂ ಒಮ್ಮೆ ಇಣುಕಬೇಕು. ಮಲೆನಾಡಿನ ಮಳೆಗೆ ಅಲ್ಲಿ ಹಸಿರು ಕಿಲುಬು ಕಟ್ಟಿರುತ್ತದೆ. ಎಷ್ಟೋ ಸಲ ಹೋಗಿರುವುದು ಬಲ್ಬಲ್ಲ, ಈ ಸಂಪರ್ಕ. ಕಿಲುಬನ್ನು ಉಜ್ಜಿ ತೆಗೆಯದೆ ಎಲ್‌ಇಡಿ ಹಾಕಿದರೆ ಅದೂ ಆಗಾಗ ಆರಿ ಹೊತ್ತುತ್ತದೆ.

ಹಾಕಿದ ಮೇಲಿನ ತಕರಾರು

ಹೊಸ ಬಲ್ಬು ಹೊತ್ತಲೇ ಇಲ್ಲ ಎಂದು ಗಾಬರಿಯಾಗಬೇಡಿ. ಎಲ್‌ಇಡಿಯಲ್ಲಿ ವಿದ್ಯುತ್ತು ಒಂದೇ ದಿಕ್ಕಿಗೆ ಹರಿಯುತ್ತದೆ. ಗಾಜಿನ ಚಪ್ಪಟೆ ಬುಡದ ನಮೂನೆಯದಾದರೆ ತೆಗೆದು ತಿರುವುಮುರುವು ಮಾಡಿ ಹಾಕಿದರೆ ಸಾಕು.

ಎರಡನೆಯ ತಕರಾರು ಕಂಪ್ಯೂಟರಿನದು. ಕೆಲವು ಕಾರುಗಳು ಬಲ್ಬು ಎಷ್ಟು ವಿದ್ಯುತ್ತು ಎಳೆಯುತ್ತಿದೆ ಎಂದು ಗಮನಿಸುತ್ತಿರುತ್ತವೆ. 21 ವಾಟ್‌ನದು ಸುಮಾರು 1.75 ಆಂಪಿಯರ್ ಎಳೆಯುವ ಕಡೆ ಎಲ್‌ಇಡಿ ಅರೆ ಆಂಪಿಯರೂ ಎಳೆಯದಿದ್ದರೆ ‘ಬಲ್ಬು ಹೋಗಿದೆ’ ಎಂದು ಡ್ಯಾಶ್‌ಬೋರ್ಡ್ ದೂರುತ್ತದೆ, ಇಲ್ಲವೇ ದೀಪ ಮಿಣುಕುತ್ತದೆ. ಅಂಗಡಿಯವರು ಇದಕ್ಕೆ ಒಂದು ರೆಸಿಸ್ಟರ್ ಜೋಡಿಸಿಕೊಡುತ್ತಾರೆ. 6 ಓಮ್‌ನದಾದರೆ 12 ವೋಲ್ಟ್‌ಗೆ 2 ಆಂಪಿಯರ್, ಅಂದರೆ 24 ವಾಟ್ ಬರೀ ಶಾಖ. ಉಳಿಸಿದ್ದೆಲ್ಲ ಅಲ್ಲೇ ಹೋಯಿತು. ಜೊತೆಗೆ ಅದು ಮುಟ್ಟಲಾಗದಷ್ಟು ಕಾಯುತ್ತದೆ. ಪ್ಲಾಸ್ಟಿಕ್ಕಿಗೋ ವೈರಿನ ಕಟ್ಟಿಗೋ ತಾಗುವಂತೆ ಕಟ್ಟಬಾರದು. ಬಾಡಿಯ ಲೋಹಕ್ಕೆ ಸ್ಕ್ರೂ ಹಾಕಿಸಬೇಕು. ಈ ತಕರಾರು ತಪ್ಪಿಸುವ ಎಲೆಕ್ಟ್ರಾನಿಕ್ಸ್ ಒಳಗೇ ಇರುವ ಬಲ್ಬು ತುಸು ದುಬಾರಿಯಾದರೂ ಲೇಸು.

ಮೂರನೆಯದು ನಮ್ಮ ಮಳೆಯದು. ಹಳೇ ಬಲ್ಬಿನ ಶಾಖಕ್ಕೆ ಡೂಮಿನೊಳಗೆ ಕೂತ ಪಸೆ ತಾನೇ ಆರಿಹೋಗುತ್ತಿತ್ತು. ಎಲ್‌ಇಡಿ ಆ ಉಪಕಾರ ಮಾಡುವುದಿಲ್ಲ. ಗಾಜಿನ ಒಳಮೈ ಬೆವರಿದಂತೆ ಮಸುಕಾದರೆ ರಬ್ಬರ್ ಮುಚ್ಚಳ ಸರಿಯಾಗಿ ಕೂತಿದೆಯೇ, ಗಾಳಿಯಾಡುವ ಕಿರುರಂಧ್ರ ಕಟ್ಟಿದೆಯೇ ನೋಡಬೇಕು. ಉದ್ದನೆಯ ಎಲ್‌ಇಡಿ ಹಿಡಿಸಲಿಲ್ಲವೆಂದು ಮುಚ್ಚಳ ತೆಗೆದೇ ಬಿಟ್ಟರೆ ಒಂದು ಮಳೆಗಾಲಕ್ಕೆ ಡೂಮೇ ಹಾಳು.

ಬೆಳಕಿನ ಹಂಚಿಕೆಯನ್ನೂ ನೋಡಬೇಕು. ಬಲ್ಬಿನ ಹಿಂದಿರುವ ಕನ್ನಡಿಯನ್ನು ಹಳೇ ಬಲ್ಬಿನ ತಂತಿ ಇರುವ ಜಾಗವನ್ನೇ ಲೆಕ್ಕಹಾಕಿ ರೂಪಿಸಿರುತ್ತಾರೆ. ಎಲ್‌ಇಡಿಯ ಚಿಪ್ಪುಗಳು ಅಲ್ಲಿರದಿದ್ದರೆ ಬೆಳಕು ಚೆಲ್ಲಾಪಿಲ್ಲಿ. ಹೆಡ್‌ಲೈಟಿಗೆ ಹಾಕಿದಾಗ ಇದರ ತೊಂದರೆ ಬಹಳ ಹೆಚ್ಚು. ಜರ್ಮನಿಯಲ್ಲಿ 2020ರಿಂದ ಹೆಡ್‌ಲೈಟಿನ ಎಲ್‌ಇಡಿ ಬಲ್ಬುಗಳಿಗೆ ಒಪ್ಪಿಗೆ ಸಿಕ್ಕಿದ್ದೂ ಕಾರಿನ ಮಾದರಿಗಳನ್ನು ಒಂದೊಂದಾಗಿ ಪರೀಕ್ಷಿಸಿ ಪಟ್ಟಿ ಮಾಡಿದ ಮೇಲೆಯೇ.

ಕಾನೂನು ಏನೆನ್ನುತ್ತದೆ

1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಗಾಡಿಯ ಮೂಲ ಸ್ವರೂಪ ಬದಲಿಸಬಾರದೆನ್ನುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯ ಪ್ರಕಾರ ನಿಯಮ ಮೀರಿ ಗಾಡಿ ಮಾರ್ಪಡಿಸಿದ ಮಾಲೀಕರಿಗೆ ಒಂದೊಂದು ಮಾರ್ಪಾಟಿಗೂ 5000 ರೂಪಾಯಿ ದಂಡವೋ ಆರು ತಿಂಗಳವರೆಗಿನ ಸಜೆಯೋ ಇಲ್ಲವೇ ಎರಡೂ ಆಗಬಹುದು. ಕಣ್ಣು ಕುಕ್ಕುವ ಎಲ್‌ಇಡಿ ದೀಪಗಳ ಮೇಲೆ ಕರ್ನಾಟಕ ಪೊಲೀಸರು 2024ರ ಜುಲೈನಿಂದ ವಿಶೇಷ ಕಾರ್ಯಾಚರಣೆಯನ್ನೇ ನಡೆಸಿದರು. ಕಾರ್ಖಾನೆಯ ಹೋಲ್ಡರಿಗೆ ಅದೇ ಬಣ್ಣದ, ಅಷ್ಟೇ ಬೆಳಕಿನ ಬಲ್ಬು ಹಾಕುವುದು ಬೇರೆ. ಬಂಪರ್ ಕೊರೆದು ನೀಲಿ, ಕೆಂಪು ಪಟ್ಟಿ ಅಂಟಿಸುವುದು ಬೇರೆ.

ಮಂಜಿನಲ್ಲಿ ಹಿಂದಿನ ದೀಪ

ಹಗಲು ದೀಪ ಹೊತ್ತಿದಾಗ ಬಹುಪಾಲು ಕಾರುಗಳಲ್ಲಿ ಹಿಂದಿನ ಕೆಂಪು ದೀಪ ಹೊತ್ತುವುದಿಲ್ಲ. ಮುಂದೆ ಬೆಳ್ಳಗೆ ಉರಿಯುತ್ತಿರುವ ದೀಪ ನೋಡಿ ಚಾಲಕರು ‘ಲೈಟ್ ಆನ್ ಇದೆ’ ಎಂದುಕೊಂಡಿರುತ್ತಾರೆ. ಹಿಂದೆ ಬರುವ ಲಾರಿಗೆ ಕಾರೇ ಕಾಣದು. ಬಾಳ್ಳುಪೇಟೆ, ಸಕಲೇಶಪುರ ದಾಟಿ ಶಿರಾಡಿ ಘಾಟಿಗೆ ಇಳಿಯುವ ರಾಷ್ಟ್ರೀಯ ಹೆದ್ದಾರಿ 75ರಲ್ಲಿ ಹಿಂದಿನಿಂದ ಸದಾ ಭಾರಿ ವಾಹನಗಳಿರುತ್ತವೆ. ಮುಂದಿನ ದೀಪ ಎಷ್ಟು ಪ್ರಖರವಾದರೆ ಈ ಭ್ರಮೆಯೂ ಅಷ್ಟು ಗಟ್ಟಿ.

ಮಂಜು ಕವಿದಾಗ ಸ್ವಿಚ್ ತಿರುಗಿಸಿ ಡಿಮ್ ಹೆಡ್‌ಲೈಟನ್ನೇ ಹಾಕಬೇಕು. ಆಗ ಹಿಂದಿನ ದೀಪವೂ ಹೊತ್ತುತ್ತದೆ. ಹೈಬೀಮ್ ಬೇಡ. ಮಂಜಿನ ಹನಿಗಳು ಅದನ್ನು ನಮ್ಮ ಕಣ್ಣಿಗೇ ತಿರುಗಿ ಎರಚುತ್ತವೆ. ಹಳದಿ ಬೆಳಕು ಮಂಜನ್ನು ಸೀಳುತ್ತದೆ ಎಂಬ ನಂಬಿಕೆಗೂ ಹೆಚ್ಚು ಆಧಾರವಿಲ್ಲ. ಬೆಳಕಿನ ಅಲೆಗಿಂತ ಮಂಜಿನ ಹನಿ ಎಷ್ಟೋ ಪಟ್ಟು ದೊಡ್ಡದು, ಹಾಗಾಗಿ ಎಲ್ಲ ಬಣ್ಣವನ್ನೂ ಹೆಚ್ಚುಕಡಿಮೆ ಒಂದೇ ತೆರನಾಗಿ ಚದುರಿಸುತ್ತದೆ. ಮಂಜಿನ ದೀಪಕ್ಕೆ ಗುಣ ಬರುವುದು ಅದು ಕೆಳಗೆ ಕೂತು ನೆಲ ನೋಡುವುದರಿಂದ.

ಆದ್ದರಿಂದ ಎಲ್‌ಇಡಿ ಹಾಕಿಸಲು ಅಂಗಡಿಗೆ ಹೋದ ದಿನ ಕಾರಿನ ಹಿಂದಕ್ಕೂ ಒಂದು ಸುತ್ತು ಬನ್ನಿ. ಎರಡು ಕೆಂಪು ದೀಪ, ಬ್ರೇಕ್ ದೀಪ, ನಂಬರ್ ಪ್ಲೇಟಿನ ದೀಪ ಹೊತ್ತುತ್ತಿವೆಯೇ ನೋಡಿ. ಒಂದು ಆರಿದ್ದರೂ ಮೊದಲು ಅದನ್ನು ಸರಿಮಾಡಿಸಿ. ಹಗಲು ದೀಪದ ಸರದಿ ಆಮೇಲೆ.